ಟಾಡಾ ಸತ್ತ ಮೇಲೂ ಜೈಲಲ್ಲಿ ಉಳಿದವರು

ಭಯೋತ್ಪಾದನೆ ತಡೆಯುವ ಕಾನೂನುಗಳ ಮಾತು ಬಂದಾಗ ನಮ್ಮ ಮನೆಗಳಲ್ಲಿ ಎರಡು ಬಗೆಯ ಉತ್ತರ ಕೇಳಿಸುತ್ತದೆ. ಒಂದು, "ನಮಗ್ಯಾಕೆ ಈ ಉಸಾಬರಿ, ಸುಮ್ನಿರು" ಅನ್ನೋದು. ಇನ್ನೊಂದು, "ಇವೆಲ್ಲ ನಮ್ಮನ್ನ ಹಿಡಿಯೋಕೇ ಮಾಡಿದ ಕಾನೂನು" ಅನ್ನೋದು. ಮೊದಲನೆಯದು ಹೆದರಿಕೆಯ ಮಾತು. ಎರಡನೆಯದು ನೋವಿನ ಮಾತು, ಅದಕ್ಕೆ ಕಾರಣಗಳೂ ಇವೆ. ಆದರೆ ಎರಡರಲ್ಲೂ ಚರಿತ್ರೆ ಇಲ್ಲ. ಈ ಕಾನೂನುಗಳು ಎಲ್ಲಿ ಹುಟ್ಟಿದವು, ಯಾರ ಮೇಲೆ ಬಿದ್ದವು, ಯಾರು ಅದನ್ನು ಪ್ರಶ್ನಿಸಿದರು ಎನ್ನುವುದನ್ನು ತಿಳಿಯದೆ ನಾವು ಹೆದರಿದರೂ ಪ್ರಯೋಜನವಿಲ್ಲ, ಸಿಟ್ಟಾದರೂ ಪ್ರಯೋಜನವಿಲ್ಲ. ಅದಕ್ಕಾಗಿ ಈ ಲೇಖನ. ವಿದ್ಯಾರ್ಥಿಗಳು ಓದಲಿ ಎಂಬ ಆಸೆಯಿಂದ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ತಾಂಬರಂ ಸುತ್ತಲಿನ ಮೂರು ಊರು

ನಾನು ಪಾಠ ಮಾಡುತ್ತಿರುವುದು ಚೆನ್ನೈಯ ತಾಂಬರಂನಲ್ಲಿ. ಇಲ್ಲಿನವರಿಗೆ ಶ್ರೀಪೆರಂಬುದೂರು ಅಂದರೆ ಕಾರ್ಖಾನೆಗಳ ಊರು, ಪೂನಮಲ್ಲಿ ಅಂದರೆ ಬೆಂಗಳೂರು ಹೆದ್ದಾರಿಗೆ ಹೋಗುವ ದಾರಿ, ಮೀನಂಬಾಕ್ಕಂ ಅಂದರೆ ವಿಮಾನ ನಿಲ್ದಾಣ. ಆದರೆ ನಮ್ಮ ವಿಷಯದ ಚರಿತ್ರೆ ಈ ಮೂರೂ ಊರುಗಳಲ್ಲಿದೆ.

1991ರ ಮೇ 21ರ ರಾತ್ರಿ ಶ್ರೀಪೆರಂಬುದೂರಿನಲ್ಲಿ ಆತ್ಮಹತ್ಯಾ ಬಾಂಬ್ ಸಿಡಿದು ರಾಜೀವ್ ಗಾಂಧಿ ತೀರಿಕೊಂಡರು. ಅವರ ಜೊತೆ ಪೊಲೀಸರೂ ಜನಸಾಮಾನ್ಯರೂ ಸತ್ತರು. ಆ ಘೋರ ಕೃತ್ಯದ ವಿಚಾರಣೆ ನಡೆದದ್ದು ಪೂನಮಲ್ಲಿಯ ಟಾಡಾ ವಿಶೇಷ ನ್ಯಾಯಾಲಯದಲ್ಲಿ, ಮುಚ್ಚಿದ ಬಾಗಿಲ ಹಿಂದೆ. 1998ರ ಜನವರಿ 28ರಂದು ಆ ನ್ಯಾಯಾಲಯ ಎಲ್ಲ 26 ಆರೋಪಿಗಳಿಗೂ ಮರಣದಂಡನೆ ವಿಧಿಸಿತು. ಒಬ್ಬರನ್ನೂ ಬಿಡಲಿಲ್ಲ. ಮುಂದಿನ ವರ್ಷ, 1999ರ ಮೇ 11ರಂದು, ಸುಪ್ರೀಂ ಕೋರ್ಟ್ ಹೇಳಿದ್ದೇನು ಗೊತ್ತೇ? ಇದು ಟಾಡಾ ಅಪರಾಧವೇ ಅಲ್ಲ ಎಂದಿತು. 26 ಜನರಲ್ಲಿ 19 ಮಂದಿಯನ್ನು ಕೊಲೆ ಆರೋಪದಿಂದ ಬಿಟ್ಟಿತು. ಹಂತಕರ ತಂಡ ಕೊನೆಗೆ ಅಡಗಿದ್ದ ಬೆಂಗಳೂರಿನ ಕೋಣನಕುಂಟೆಗೆ ಸಂಬಂಧಪಟ್ಟ ಒಬ್ಬರೂ ಆ 19ರಲ್ಲಿದ್ದರು.

ಇನ್ನು ಮೀನಂಬಾಕ್ಕಂ. ಟಾಡಾ ಹೋಗಿ ಪೋಟಾ ಬಂದ ಕಾಲ. 2002ರ ಮಾರ್ಚ್ 26ರಂದು ಸಂಸತ್ತಿನ ಜಂಟಿ ಅಧಿವೇಶನ ಪೋಟಾಕ್ಕೆ ಒಪ್ಪಿಗೆ ಕೊಟ್ಟಾಗ ವೈಕೋ ಅವರ ಎಂಡಿಎಂಕೆ ಪಕ್ಷ ಅದನ್ನು ಬೆಂಬಲಿಸಿತ್ತು. ನಾಲ್ಕು ತಿಂಗಳು ತುಂಬುವ ಮೊದಲೇ, ಜುಲೈ 11ರಂದು, ವಿದೇಶದಿಂದ ಬಂದಿಳಿದ ವೈಕೋ ಅವರನ್ನು ವಿಮಾನ ನಿಲ್ದಾಣದಲ್ಲೇ ಅದೇ ಪೋಟಾ ಅಡಿಯಲ್ಲಿ ಬಂಧಿಸಲಾಯಿತು. ಕಾರಣ ತಿರುಮಂಗಲದ ಸಭೆಯಲ್ಲಿ ಎಲ್‌ಟಿಟಿಇ ಪರವಾಗಿ ಆಡಿದ ಮಾತು. ಸುಮಾರು 19 ತಿಂಗಳು ವೆಲ್ಲೂರು ಜೈಲಿನಲ್ಲಿದ್ದರು. ಬರಿಯ ನೈತಿಕ ಬೆಂಬಲದ ಮಾತು, ಭಯೋತ್ಪಾದನೆಗೆ ನೆರವಾಗುವ ಉದ್ದೇಶವಿಲ್ಲದಿದ್ದರೆ, ಪೋಟಾ ಅಪರಾಧವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದ್ದು 2003ರ ಡಿಸೆಂಬರಿನಲ್ಲಿ. ಇನ್ನೊಬ್ಬರಿಗೆಂದು ಮಾಡಿದ ಬಲೆ ಯಾರ ಕಾಲಿಗೆ ಸಿಕ್ಕಿಕೊಳ್ಳುತ್ತದೆ ಎಂದು ಮಾಡಿದವರಿಗೂ ಗೊತ್ತಿರುವುದಿಲ್ಲ.

ಏನನ್ನು ಕಿತ್ತುಕೊಳ್ಳಲಾಯಿತು?

ಈ ಕಾನೂನುಗಳಲ್ಲಿ ಶಿಕ್ಷೆ ಜಾಸ್ತಿ, ಅದಕ್ಕೇ ಜನ ಹೆದರುತ್ತಾರೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಕೊಲೆಗೆ ಮರಣದಂಡನೆ ಸಾಮಾನ್ಯ ಕಾನೂನಿನಲ್ಲೂ ಇತ್ತು. ವ್ಯತ್ಯಾಸ ಇರೋದು ತೀರ್ಪಿಗಿಂತ ಮೊದಲಿನ ದಿನಗಳಲ್ಲಿ.

ಸಾಮಾನ್ಯ ಕಾನೂನು ಆರೋಪಿಗೆ ಮೂರು ಆಸರೆ ಕೊಡುತ್ತದೆ. ಮೊದಲನೆಯದು, ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ. ಇದನ್ನು ಬರೆದವರು ಬ್ರಿಟಿಷರೇ, 1872ರ ಸಾಕ್ಷ್ಯ ಕಾಯಿದೆಯ 25ನೇ ಕಲಮು. ಠಾಣೆಯಲ್ಲಿ ಏನು ನಡೆಯುತ್ತದೆ ಎಂದು ಅವರಿಗೂ ಗೊತ್ತಿತ್ತು. ಎರಡನೆಯದು, 60 ಅಥವಾ 90 ದಿನಗಳಲ್ಲಿ ಆರೋಪಪಟ್ಟಿ ಹಾಕದಿದ್ದರೆ ಆರೋಪಿಗೆ ಜಾಮೀನಿನ ಹಕ್ಕು. ಮೂರನೆಯದು, ಸಾಮಾನ್ಯವಾಗಿ ಜಾಮೀನೇ ನಿಯಮ, ಜೈಲು ಅಪವಾದ. ಈ "ಜಾಮೀನು" ನಮ್ಮ ಉರ್ದುವಿನ ಮೂಲಕ ಕನ್ನಡಕ್ಕೆ ಬಂದ ಮಾತು. ಉರ್ದುವಿನಲ್ಲಿ ಜಾಮಿನ್ ಅಂದರೆ ಇನ್ನೊಬ್ಬನಿಗಾಗಿ ಹೊಣೆ ನಿಲ್ಲುವ ಮನುಷ್ಯ. "ಇವನು ಎಲ್ಲೂ ಓಡಿಹೋಗಲ್ಲ, ನಾನಿದ್ದೀನಿ" ಎಂದು ಊರಿನವನೊಬ್ಬ ನ್ಯಾಯಾಲಯದಲ್ಲಿ ಎದ್ದು ನಿಲ್ಲುವುದು.

ಟಾಡಾ ಈ ಮೂರನ್ನೂ ಸಡಿಲಿಸಿತು. 1985ರಲ್ಲಿ ಪಂಜಾಬಿನ ಉಗ್ರವಾದವನ್ನು ಮುಂದಿಟ್ಟು ಬಂದ ಕಾನೂನು ಇದು. 1987ರಲ್ಲಿ ಇನ್ನಷ್ಟು ಬಿಗಿಯಾಯಿತು. ಎಸ್‌ಪಿ ದರ್ಜೆಯ ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಾಯಿತು. ಆರೋಪಪಟ್ಟಿಯಿಲ್ಲದೆ ಒಂದು ವರ್ಷದವರೆಗೂ ಒಳಗಿಡಬಹುದಾಯಿತು. 1993ರ ತಿದ್ದುಪಡಿ ಅದನ್ನು 180 ದಿನಕ್ಕೆ ಇಳಿಸಿ, ಕಾರಣ ಕೊಟ್ಟರೆ ವಿಸ್ತರಿಸಲು ಅವಕಾಶ ಉಳಿಸಿತು. ಜಾಮೀನು ಬೇಕೆಂದರೆ, ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಆಧಾರವಿದೆ ಎಂದು ನ್ಯಾಯಾಧೀಶರಿಗೆ ವಿಚಾರಣೆಗೆ ಮೊದಲೇ ಮನವರಿಕೆ ಆಗಬೇಕಾಯಿತು. ಮೇಲ್ಮನವಿ ನೇರ ಸುಪ್ರೀಂ ಕೋರ್ಟಿಗೆ. ಅಂದ್ರೆ ಬಡವನಿಗೆ ಹತ್ತಿರವಿದ್ದ ಹೈಕೋರ್ಟಿನ ಮೆಟ್ಟಿಲೂ ಹೋಯಿತು.

ತಪ್ಪೊಪ್ಪಿಗೆಯ ಕಲಮು ಏನು ಮಾಡಬಲ್ಲದು ಎನ್ನುವುದಕ್ಕೆ ಪೂನಮಲ್ಲಿಯಲ್ಲೇ ಉದಾಹರಣೆ ಇದೆ. ಪೇರರಿವಾಳನ್ ಬಂಧನವಾದಾಗ 19 ವರ್ಷದ ಹುಡುಗ. ಎರಡು ಒಂಬತ್ತು ವೋಲ್ಟ್ ಬ್ಯಾಟರಿ ತಂದುಕೊಟ್ಟಿದ್ದು ಅವನ ಮೇಲಿನ ಆರೋಪದ ಮುಖ್ಯ ಅಂಶ. ಅವನ ಹೇಳಿಕೆ ಬರೆದುಕೊಂಡಿದ್ದ ಸಿಬಿಐ ಅಧಿಕಾರಿ ವಿ. ತ್ಯಾಗರಾಜನ್ 2013ರಲ್ಲಿ, ಅಂದರೆ 22 ವರ್ಷ ಕಳೆದ ಮೇಲೆ, ಬಹಿರಂಗವಾಗಿ ಒಂದು ವಿಷಯ ಒಪ್ಪಿಕೊಂಡರು. ಬ್ಯಾಟರಿ ಯಾವುದಕ್ಕೆಂದು ತನಗೆ ಗೊತ್ತಿರಲಿಲ್ಲ ಎಂದು ಆ ಹುಡುಗ ಹೇಳಿದ್ದ. ಆ ಮಾತನ್ನು ತಾನು ದಾಖಲಿಸಲಿಲ್ಲ ಎಂದು. ಒಂದು ವಾಕ್ಯ ಬಿಟ್ಟುಹೋಗಿತ್ತು. ಪೇರರಿವಾಳನ್ ಬಿಡುಗಡೆಯಾದದ್ದು 2022ರ ಮೇ 18ರಂದು.

ಬೆಟ್ಟದ ಜನ

ಈಗ ನಮ್ಮ ಕನ್ನಡದ ನೆಲಕ್ಕೆ ಬರೋಣ. ತಮಿಳುನಾಡು, ಕರ್ನಾಟಕ ಎರಡೂ ಸೇರುವ ಮಲೆ ಮಹದೇಶ್ವರ ಬೆಟ್ಟದ ಸೀಮೆ. ಕೊಳ್ಳೇಗಾಲ, ಹನೂರು ಈಚೆ ಕಡೆ. ತಾಳವಾಡಿ, ಸತ್ಯಮಂಗಲ, ಕೊಳತ್ತೂರು ಆಚೆ ಕಡೆ. ಗಡಿ ನಕ್ಷೆಯಲ್ಲಿದೆಯೇ ಹೊರತು ಜನರ ಮಾತಿನಲ್ಲಿಲ್ಲ. ಕನ್ನಡ, ತಮಿಳು ಎರಡನ್ನೂ ಆಡುವ ರೈತರು, ಕೂಲಿಗಳು, ಸೋಲಿಗರು ಇಲ್ಲಿದ್ದಾರೆ.

ಇದೇ ಕಾಡಲ್ಲಿ ವೀರಪ್ಪನ್ ಇದ್ದ. ಅವನ ಕ್ರೌರ್ಯವನ್ನು ಯಾರೂ ಸಣ್ಣದು ಮಾಡಬಾರದು. 1992ರ ಆಗಸ್ಟಿನಲ್ಲಿ ಮೀಣ್ಯಂ ಬಳಿ ಎಸ್‌ಪಿ ಹರಿಕೃಷ್ಣ ಮತ್ತು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಅವರನ್ನು ಸಹೋದ್ಯೋಗಿಗಳೊಂದಿಗೆ ಬಲೆಗೆ ಬೀಳಿಸಿ ಕೊಂದ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿಸಿ 22 ಜನರ ಜೀವ ತೆಗೆದ. ಸತ್ತವರಲ್ಲಿ ಪೊಲೀಸರಿದ್ದರು, ಅರಣ್ಯ ಕಾವಲುಗಾರರಿದ್ದರು, ಪೊಲೀಸರಿಗೆ ಸುದ್ದಿ ಕೊಡುತ್ತಿದ್ದ ಬಡ ಹಳ್ಳಿಗರಿದ್ದರು.

ಅದಾದ ಮೇಲೆ ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆ ಬೆಟ್ಟದ ಹಳ್ಳಿಗಳಿಗೆ ನುಗ್ಗಿತು. ವೀರಪ್ಪನ್ ಸಿಗಲಿಲ್ಲ. ಹಳ್ಳಿಗರು ಸಿಕ್ಕರು. ಅನ್ನ ಕೊಟ್ಟಿರಿ, ದಾರಿ ತೋರಿಸಿದಿರಿ, ಅವನ ಜಾತಿಯವರು, ಅವನ ನೆಂಟರು ಎಂದು ಹಿಡಿದರು. ಬಂದೂಕು ಹಿಡಿದವನು ರಾತ್ರಿ ಬಾಗಿಲಿಗೆ ಬಂದು ಅನ್ನ ಕೇಳಿದರೆ ಯಾವ ಬಡವ ಇಲ್ಲ ಅಂತಾನೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಮಾದೇಶ್ವರ ಬೆಟ್ಟದಲ್ಲಿ ಕಾರ್ಯಪಡೆಯ ವಿಚಾರಣಾ ಜಾಗಕ್ಕೆ ಜನರ ಬಾಯಲ್ಲಿ "ವರ್ಕ್‌ಶಾಪ್" ಎಂಬ ಹೆಸರೇ ಬಿತ್ತು. ಅಲ್ಲಿ ಕರೆಂಟ್ ಕೊಟ್ಟದ್ದನ್ನು, ಹೊಡೆದದ್ದನ್ನು, ಹೆಣ್ಣುಮಕ್ಕಳ ಮೇಲೆ ನಡೆದದ್ದನ್ನು ಜನ ಆಮೇಲೆ ಆಯೋಗದ ಮುಂದೆ ಹೇಳಿದರು. ತಮಿಳಿನಲ್ಲಿ ವಕೀಲ ಬಾಲಮುರುಗನ್ ಬರೆದ 'ಸೋಳಗರ್ ತೊಟ್ಟಿ' ಎಂಬ ಕಾದಂಬರಿಯ ವಸ್ತು ಇದೇ.

ನೂರಕ್ಕೂ ಹೆಚ್ಚು ಜನರನ್ನು ಟಾಡಾ ಅಡಿಯಲ್ಲಿ ಮೈಸೂರು ಜೈಲಿಗೆ ಹಾಕಲಾಯಿತು. ಅವರಲ್ಲಿ ಹೆಂಗಸರೂ ಇದ್ದರು. ಪಂಜಾಬಿಗೆಂದು ಬರೆದ ಕಾನೂನು ರಾಗಿ ಬೆಳೆಯುವವರ ಮೇಲೆ ಬಿತ್ತು.

ಇಲ್ಲೊಂದು ವಿಚಿತ್ರ ಗಮನಿಸಿ. ದೇಶದಾದ್ಯಂತ ಟಾಡಾ ಅಡಿ ಬಂಧಿತರಾದವರ ಸಂಖ್ಯೆ 76 ಸಾವಿರ ದಾಟಿತ್ತು, ಶಿಕ್ಷೆಯಾದವರು ಬೆರಳೆಣಿಕೆಯಷ್ಟು. 1995ರಲ್ಲಿ ಮಾನವ ಹಕ್ಕುಗಳ ರಾಷ್ಟ್ರೀಯ ಆಯೋಗದ ಅಧ್ಯಕ್ಷ ನ್ಯಾಯಮೂರ್ತಿ ರಂಗನಾಥ ಮಿಶ್ರಾ ಸಂಸದರಿಗೆ ಪತ್ರ ಬರೆದು, ಈ ಕಾನೂನನ್ನು ಮುಂದುವರಿಸಬೇಡಿ ಎಂದರು. ಆ ವರ್ಷದ ಮೇ ತಿಂಗಳಲ್ಲಿ ಟಾಡಾ ಅವಧಿ ಮುಗಿದು ಸತ್ತುಹೋಯಿತು. ಆದರೆ ಅದಾಗಲೇ ದಾಖಲಾಗಿದ್ದ ಪ್ರಕರಣಗಳು ಸಾಯಲಿಲ್ಲ. ದೇಶಕ್ಕೆ ಬೇಡವಾದ ಕಾನೂನಿನ ಕೆಳಗೆ ಬೆಟ್ಟದ ಜನ ಇನ್ನೂ ಆರು ವರ್ಷ ತೀರ್ಪಿಗಾಗಿ ಕಾದರು.

ಒಬ್ಬ ತಂದೆಯ ಅರ್ಜಿ

2000ದ ಜುಲೈ 30ರ ರಾತ್ರಿ ವೀರಪ್ಪನ್ ದೊಡ್ಡ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ. ಅವನ ಬೇಡಿಕೆಗಳಲ್ಲಿ ಮೈಸೂರಿನ ಟಾಡಾ ಕೈದಿಗಳ ಬಿಡುಗಡೆಯೂ ಇತ್ತು. ಏಳು ವರ್ಷ ಇವರ ಮೇಲೆ ಟಾಡಾ ಬೇಕೇ ಬೇಕು ಎಂದಿದ್ದ ಸರ್ಕಾರ ಕೆಲವೇ ದಿನಗಳಲ್ಲಿ ಟಾಡಾ ಆರೋಪ ಹಿಂತೆಗೆದುಕೊಳ್ಳಲು ಮುಂದಾಯಿತು. ಮೈಸೂರಿನ ವಿಶೇಷ ನ್ಯಾಯಾಲಯವೂ ಒಪ್ಪಿತು.

ಆಗ ಸುಪ್ರೀಂ ಕೋರ್ಟಿಗೆ ಹೋದವರು ಮೈಸೂರಿನ ನಿವೃತ್ತ ಪೊಲೀಸ್ ಅಧಿಕಾರಿ ಅಬ್ದುಲ್ ಕರೀಂ. ಮೀಣ್ಯಂನಲ್ಲಿ ಸತ್ತ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಅವರ ತಂದೆ. ಇಡೀ ಕರ್ನಾಟಕ ಅಣ್ಣಾವ್ರು ಬಂದರೆ ಸಾಕು ಎಂದು ಹರಕೆ ಹೊತ್ತಿದ್ದ ದಿನಗಳಲ್ಲಿ ಆ ಮುದಿ ತಂದೆ ಸರ್ಕಾರದ ವಿರುದ್ಧ ಅರ್ಜಿ ಹಾಕಿದ ಧೈರ್ಯ ಸಣ್ಣದಲ್ಲ. 2000ದ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಅಪಹರಣಕಾರನ ಬೇಡಿಕೆಗೆ ಬಾಗಿ ಮೊಕದ್ದಮೆ ಹಿಂತೆಗೆಯುವುದು ಸಾರ್ವಜನಿಕ ಹಿತವಲ್ಲ ಎಂದಿತು. ರಾಜ್‌ಕುಮಾರ್ ಅದಾದ ಎಂಟೇ ದಿನಕ್ಕೆ, ನವೆಂಬರ್ 15ರಂದು, ಕ್ಷೇಮವಾಗಿ ಮರಳಿದರು.

ಹಾಗಾದರೆ ಅಬ್ದುಲ್ ಕರೀಂ ಬೆಟ್ಟದ ಬಡವರ ವಿರುದ್ಧ ನಿಂತರಾ? ಈ ಪ್ರಶ್ನೆ ನಿಮಗೆ ಬರಬೇಕು. ಜೈಲಿನ ಹೊರಗೆ ಕಾಯುತ್ತಿದ್ದ ಹೆಂಡತಿ ಮಕ್ಕಳಿಗೆ ಆ ತೀರ್ಪು ಬರಸಿಡಿಲು ಬಡಿದಂತಾಗಿರಬೇಕು, ಅದರಲ್ಲಿ ಅನುಮಾನವಿಲ್ಲ. ಆದರೆ ಯೋಚಿಸಿ ನೋಡಿ. ಆ ಕೈದಿಗಳನ್ನು ಸರ್ಕಾರ ಬಿಡಲು ಹೊರಟದ್ದು ಅವರು ನಿರಪರಾಧಿಗಳು ಎಂದಲ್ಲ. ಒಳಗೆ ಹಾಕಿದಾಗಲೂ ಅವರ ತಪ್ಪನ್ನು ಸರಿಯಾಗಿ ತೂಗಿ ನೋಡಿರಲಿಲ್ಲ. ಹಾಕುವಾಗ ವೀರಪ್ಪನ್ ಮೇಲಿನ ಸಿಟ್ಟು, ಬಿಡುವಾಗ ವೀರಪ್ಪನ್ ಮೇಲಿನ ಭಯ. ಎರಡೂ ಸಲ ಆ ಮನುಷ್ಯರು ಲೆಕ್ಕಕ್ಕೇ ಇರಲಿಲ್ಲ.

ಮಗನನ್ನು ಕಳೆದುಕೊಂಡ ತಂದೆಗೆ ಬೇಕಾಗಿದ್ದದ್ದು ನ್ಯಾಯಾಲಯದ ತೀರ್ಪು. ಸುಳ್ಳು ಆರೋಪದಲ್ಲಿ ಬಿದ್ದವನಿಗೆ ಬೇಕಾಗಿದ್ದದ್ದೂ ನ್ಯಾಯಾಲಯದ ತೀರ್ಪೇ. ಇಬ್ಬರನ್ನೂ ಕಾಯಿಸಿದ್ದು ಒಂದೇ ವ್ಯವಸ್ಥೆ. 2001ರ ಸೆಪ್ಟೆಂಬರಿನಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ ತೀರ್ಪು ಕೊಟ್ಟಾಗ ನೂರಕ್ಕೂ ಹೆಚ್ಚು ಜನ ಖುಲಾಸೆಯಾದರು. ಶಿಕ್ಷೆಯಾದದ್ದು ಕೆಲವರಿಗೆ ಮಾತ್ರ. ಪಾಲಾರ್ ಪ್ರಕರಣದಲ್ಲಿ ಜೀವಾವಧಿ ಪಡೆದ ನಾಲ್ವರಿಗೆ ಸುಪ್ರೀಂ ಕೋರ್ಟ್ 2004ರಲ್ಲಿ ಮರಣದಂಡನೆ ವಿಧಿಸಿತು. ಕ್ಷಮಾದಾನದ ಅರ್ಜಿ ವರ್ಷಗಟ್ಟಲೆ ಕೊಳೆತದ್ದರಿಂದ 2014ರ ಜನವರಿಯಲ್ಲಿ ಅದೇ ನ್ಯಾಯಾಲಯ ಅದನ್ನು ಮತ್ತೆ ಜೀವಾವಧಿಗೆ ಇಳಿಸಿತು.

"ಮಾನವ ಹಕ್ಕು ಅಂತೀರಲ್ಲ, ಸತ್ತ ಪೊಲೀಸರಿಗೆ ಹಕ್ಕಿಲ್ವಾ?" ಎಂದು ಯಾರಾದರೂ ನಿಮ್ಮನ್ನು ಕೇಳಿದರೆ ಈ ಕಥೆ ಹೇಳಿ. ಇದೆ, ಖಂಡಿತ ಇದೆ. ನೂರು ಅಮಾಯಕರನ್ನು ಒಳಗೆ ಹಾಕಿದ್ದರಿಂದ ಶಕೀಲ್ ಅಹಮದ್ ಅವರಿಗೆ ನ್ಯಾಯ ಬೇಗ ಸಿಗಲಿಲ್ಲ, ತಡವಾಯಿತು.

ಪರಿಹಾರದ ಲೆಕ್ಕ

ಬೆಟ್ಟದ ಜನರ ದೂರು ಕೇಳಲು ಮಾನವ ಹಕ್ಕುಗಳ ರಾಷ್ಟ್ರೀಯ ಆಯೋಗ 1999ರಲ್ಲಿ ಒಂದು ಸಮಿತಿ ಮಾಡಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅದರ ಮುಖ್ಯಸ್ಥರು, ಸಿಬಿಐ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಸದಸ್ಯರು. ಸಮಿತಿ ಎರಡೂ ರಾಜ್ಯಗಳಲ್ಲಿ ಜನರ ಹೇಳಿಕೆ ಪಡೆದು 2003ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. ಅದರ ಆಧಾರದ ಮೇಲೆ ಆಯೋಗ 2007ರ ಜನವರಿಯಲ್ಲಿ 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿ ಮಧ್ಯಂತರ ಪರಿಹಾರ ಕೊಡಲು ಹೇಳಿತು. ತಲೆಗೆ ಸರಾಸರಿ 3 ಲಕ್ಷಕ್ಕೆ ಸ್ವಲ್ಪ ಮೇಲೆ.

ಇದರ ಪಕ್ಕ ಇನ್ನೊಂದು ಲೆಕ್ಕ ಇಡಿ. 2004ರ ಅಕ್ಟೋಬರ್ 18ರಂದು ವೀರಪ್ಪನ್ ಸತ್ತ ಮೇಲೆ ತಮಿಳುನಾಡು ಸರ್ಕಾರ ಕಾರ್ಯಪಡೆಯ 752 ಸಿಬ್ಬಂದಿಗೆ ತಲಾ 3 ಲಕ್ಷ ರೂಪಾಯಿ, ಒಂದು ಬಡ್ತಿ, ಮನೆ ಕಟ್ಟಲು ನಿವೇಶನ ಘೋಷಿಸಿತು. ಜೀವ ಪಣಕ್ಕಿಟ್ಟು ಕಾಡು ಅಲೆದವರಿಗೆ ಬಹುಮಾನ ಕೊಟ್ಟದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಬಹುಮಾನ ಕೆಲವೇ ದಿನಗಳಲ್ಲಿ ಬಂತು. ಪರಿಹಾರಕ್ಕೆ ಸಮಿತಿ ರಚನೆಯಾದ ಮೇಲೆ ಏಳು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಇದೇ ಈ ಚರಿತ್ರೆಯ ಪಾಠ: ತಪ್ಪಾಗಿ ಹಿಡಿದವನ ಕಳೆದುಹೋದ ವರ್ಷಗಳಿಗೆ ನಮ್ಮ ಕಾನೂನಿನಲ್ಲಿ ಬೆಲೆ ಕಟ್ಟುವ ಖಚಿತ ಪದ್ಧತಿಯೇ ಇಲ್ಲ. ಪ್ರತಿಯೊಬ್ಬ ಹೊಸದಾಗಿ ಅಂಗಲಾಚಬೇಕು.

ಮೂಡಿಗೆರೆಯ ಡಾಕ್ಟರು

ಬೇರೆ ದೇಶದಲ್ಲೂ ಇಂಥ ತಪ್ಪು ನಡೆಯುತ್ತದೆ. ನಡೆದ ಮೇಲೆ ಏನು ಮಾಡುತ್ತಾರೆ ಎಂಬುದಕ್ಕೆ ನಮ್ಮವರೊಬ್ಬರ ಕಥೆಯೇ ಇದೆ. ಚಿಕ್ಕಮಗಳೂರಿನ ಮೂಡಿಗೆರೆಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಓದಿದ ಡಾ. ಮೊಹಮ್ಮದ್ ಹನೀಫ್ ಆಸ್ಟ್ರೇಲಿಯಾದಲ್ಲಿ ವೈದ್ಯರಾಗಿದ್ದರು. 2007ರ ಜೂನ್ 30ರಂದು ಸ್ಕಾಟ್‌ಲ್ಯಾಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣದ ಮೇಲೆ ದಾಳಿಯಾಯಿತು. ದಾಳಿ ಮಾಡಿದವರಲ್ಲಿ ಒಬ್ಬ ಬೆಂಗಳೂರಿನವನು, ಹನೀಫರ ದೂರದ ಸಂಬಂಧಿ. ಅವನ ತಮ್ಮನ ಬಳಿ ಹನೀಫ್ ಇಂಗ್ಲೆಂಡ್ ಬಿಡುವಾಗ ಒಂದು ಸಿಮ್ ಕಾರ್ಡ್ ಕೊಟ್ಟು ಬಂದಿದ್ದರು. ಆಗಷ್ಟೇ ಹುಟ್ಟಿದ ಮಗಳನ್ನು ನೋಡಲು ಬೆಂಗಳೂರಿಗೆ ಹೊರಟವರನ್ನು ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಹಿಡಿದರು. ಆರೋಪವಿಲ್ಲದೆ 12 ದಿನ ಇಟ್ಟುಕೊಂಡರು. ಸಿಮ್ ದಾಳಿಯ ಜೀಪಿನಲ್ಲೇ ಸಿಕ್ಕಿತು ಎಂದು ನ್ಯಾಯಾಲಯಕ್ಕೆ ಹೇಳಿದರು. ಅದು ಸುಳ್ಳು, ಸಿಮ್ ಇದ್ದದ್ದು ಲಿವರ್‌ಪೂಲಿನಲ್ಲಿ. ಜುಲೈ 16ರಂದು ಜಾಮೀನು ಸಿಕ್ಕರೆ ಅದೇ ದಿನ ವೀಸಾ ರದ್ದು ಮಾಡಿದರು. ಜುಲೈ 27ರಂದು ಪ್ರಕರಣವೇ ಬಿದ್ದುಹೋಯಿತು.

ಆಮೇಲೆ ನಡೆದದ್ದು ಮುಖ್ಯ. ಆಸ್ಟ್ರೇಲಿಯಾ ಸರ್ಕಾರ ನಿವೃತ್ತ ನ್ಯಾಯಾಧೀಶ ಜಾನ್ ಕ್ಲಾರ್ಕ್ ಅವರಿಂದ ತನಿಖೆ ಮಾಡಿಸಿತು. ಆರೋಪ ಹೊರಿಸಲು ಸಾಕ್ಷ್ಯವೇ ಇರಲಿಲ್ಲ ಎಂದು 2008ರಲ್ಲಿ ವರದಿ ಬಂತು, ಸಂಸತ್ತಿನ ಮುಂದೆ ಇಡಲಾಯಿತು. 2010ರಲ್ಲಿ ಬಂಧನದ ಅವಧಿಯನ್ನು ಎಳೆಯುವ ಅವಕಾಶಕ್ಕೆ ಕಾನೂನಿನಲ್ಲೇ ಮಿತಿ ಹಾಕಿದರು, ಭದ್ರತಾ ಕಾನೂನುಗಳ ಮೇಲೆ ಕಣ್ಣಿಡಲು ಸ್ವತಂತ್ರ ಹುದ್ದೆಯೊಂದನ್ನು ಸೃಷ್ಟಿಸಿದರು, ಹನೀಫರಿಗೆ ಪರಿಹಾರ ಕೊಟ್ಟರು. ಅಲ್ಲೂ ತಪ್ಪು ಮಾಡಿದರು, ಆದರೆ ತಪ್ಪಿನಿಂದ ಕಾನೂನು ಬದಲಾಯಿತು. ಮಾದೇಶ್ವರ ಬೆಟ್ಟದ ವರದಿಯಿಂದ ನಮ್ಮಲ್ಲಿ ಯಾವ ಕಾನೂನೂ ಬದಲಾಗಲಿಲ್ಲ.

ಇವತ್ತಿನ ಮಾತು

2004ರಲ್ಲಿ ಪೋಟಾ ರದ್ದಾಯಿತು. ಆದರೆ ಅದರ ಎಷ್ಟೋ ಕಲಮುಗಳು 1967ರ ಯುಎಪಿಎ ಕಾಯಿದೆಯೊಳಗೆ ಬಂದು ಕೂತವು. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಮಾತ್ರ ಮರಳಿ ಬರಲಿಲ್ಲ, ಅದೊಂದು ಸಮಾಧಾನ. 2008ರ ಮುಂಬೈ ದಾಳಿಯ ಬೆನ್ನಲ್ಲೇ ತಂದ ತಿದ್ದುಪಡಿಯಿಂದ 180 ದಿನಗಳ ಅವಧಿಯೂ ಜಾಮೀನಿನ ಗೋಡೆಯೂ ಮತ್ತೆ ಬಂದವು. 2019ರಿಂದ ಸಂಘಟನೆಯಷ್ಟೇ ಅಲ್ಲ, ಒಬ್ಬ ವ್ಯಕ್ತಿಯನ್ನೂ ಭಯೋತ್ಪಾದಕ ಎಂದು ಸರ್ಕಾರ ಘೋಷಿಸಬಹುದು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 113ನೇ ಕಲಮಿನ ಮೂಲಕ ಭಯೋತ್ಪಾದಕ ಕೃತ್ಯ ಸಾಮಾನ್ಯ ದಂಡ ಕಾನೂನಿನೊಳಗೂ ಬಂದಿದೆ.

ಇದರ ಬಿಸಿ ತಟ್ಟಿದವರಲ್ಲಿ ನಮ್ಮವರಿದ್ದಾರೆ. 2008ರ ಹುಬ್ಬಳ್ಳಿ ಸಿಮಿ ಪ್ರಕರಣದಲ್ಲಿ ಡಾಕ್ಟರು, ಇಂಜಿನಿಯರಿಂಗ್ ಓದುತ್ತಿದ್ದ ಹುಡುಗರು ಸೇರಿ 17 ಜನ ಏಳು ವರ್ಷದ ನಂತರ, 2015ರಲ್ಲಿ ಖುಲಾಸೆಯಾದರು. ಖುಲಾಸೆಯಾದ ದಿನ ಅವರಲ್ಲಿ ಯಾರೂ ಮತ್ತೆ ವಿದ್ಯಾರ್ಥಿಯಾಗುವ ವಯಸ್ಸಿನಲ್ಲಿರಲಿಲ್ಲ. ಹಾಗೇ ನಮ್ಮವರಲ್ಲದವರೂ ಇದ್ದಾರೆ. ತಿರುಚಿ ಸೀಮೆಯಲ್ಲಿ ಹುಟ್ಟಿ, ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್ ನಡೆಸಿ, ಜಾರ್ಖಂಡಿನ ಆದಿವಾಸಿಗಳ ಜೊತೆ ಬದುಕಿದ ಪಾದ್ರಿ ಸ್ಟ್ಯಾನ್ ಸ್ವಾಮಿ 84ನೇ ವಯಸ್ಸಿನಲ್ಲಿ, 2021ರ ಜುಲೈ 5ರಂದು, ವಿಚಾರಣಾಧೀನ ಕೈದಿಯಾಗಿಯೇ ತೀರಿಕೊಂಡರು. ಬೆಟ್ಟದ ಸೋಲಿಗರು, ಹುಬ್ಬಳ್ಳಿಯ ಮುಸ್ಲಿಂ ಹುಡುಗರು, ಒಬ್ಬ ಪಾದ್ರಿ, ಒಬ್ಬ ರಾಜಕಾರಣಿ. ಇದನ್ನು ನಮ್ಮ ಸಮುದಾಯದ ಕಥೆ ಎಂದಷ್ಟೇ ಹೇಳಿಕೊಂಡರೆ ಜೊತೆಗೆ ನಿಲ್ಲಬಹುದಾದ ಎಷ್ಟೋ ಜನರನ್ನು ನಾವೇ ದೂರ ಮಾಡಿಕೊಳ್ಳುತ್ತೇವೆ.

ಕೊನೆಯದಾಗಿ, ವಿದ್ಯಾರ್ಥಿಗಳೇ, ನೆನಪಿಟ್ಟುಕೊಳ್ಳಬೇಕಾದ ನಾಲ್ಕು ವಿಷಯ. ಸಂವಿಧಾನದ 22ನೇ ವಿಧಿ ಬಂಧಿತನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ವಕೀಲರನ್ನು ಇಟ್ಟುಕೊಳ್ಳಲು ಬಿಡಬೇಕು ಎನ್ನುತ್ತದೆ. ಯುಎಪಿಎ ಪ್ರಕರಣಕ್ಕೂ ಇದು ಅನ್ವಯ. 1996ರ ಡಿ.ಕೆ. ಬಸು ತೀರ್ಪಿನ ಪ್ರಕಾರ ಬಂಧನದ ಸುದ್ದಿ ಮನೆಯವರಿಗೆ ತಿಳಿಸಬೇಕು, ಬಂಧನದ ಪತ್ರಕ್ಕೆ ಸಾಕ್ಷಿಯ ಸಹಿ ಇರಬೇಕು. 2021ರ ಕೆ.ಎ. ನಜೀಬ್ ತೀರ್ಪಿನ ಪ್ರಕಾರ ವಿಚಾರಣೆ ಮುಗಿಯುವ ಲಕ್ಷಣವಿಲ್ಲದೆ ವರ್ಷಗಟ್ಟಲೆ ಜೈಲಿನಲ್ಲಿದ್ದವನಿಗೆ ಯುಎಪಿಎ ಗೋಡೆಯ ನಡುವೆಯೂ ಹೈಕೋರ್ಟ್, ಸುಪ್ರೀಂ ಕೋರ್ಟ್ ಜಾಮೀನು ಕೊಡಬಹುದು. 2024ರ ಮೇ 15ರ ಪ್ರಬೀರ್ ಪುರಕಾಯಸ್ಥ ತೀರ್ಪಿನ ಪ್ರಕಾರ ಯುಎಪಿಎ ಬಂಧನದ ಕಾರಣಗಳನ್ನು ಬರಹದಲ್ಲಿ ಕೊಡಲೇಬೇಕು. ಇವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೂ ಉರ್ದುವಿನಲ್ಲೂ ಬರೆದು ಮನೆಯಲ್ಲಿಡಿ, ಅಮ್ಮ ಅಬ್ಬಾಗೆ ಓದಿ ಹೇಳಿ, ಪಕ್ಕದ ಮನೆಯವರಿಗೂ ಕೊಡಿ, ಅವರು ಯಾರೇ ಆಗಿರಲಿ. ಮಾದೇಶ್ವರ ಬೆಟ್ಟದ ಜನರ ಕೈಯಲ್ಲಿ 1993ರಲ್ಲಿ ಇಂಥದ್ದೊಂದು ಹಾಳೆ ಇರಲಿಲ್ಲ.